ಗಂಡಸನ್ನೇ ಪ್ರೀತಿಸುವ ನಾನು ಕೌನ್ಸೆಲರ್ ಆಗಬಹುದಾ?

ಹಿಂದಿನ ಸಂಚಿಕೆಯಲ್ಲಿ ಓದುಗರೊಬ್ಬರು ನನಗೆ ಮದುವೆ ಆಗಿದೆಯಾ ಅಂತ ಕೇಳಿದ್ದರು. ಇಲ್ಲ, ನಾನು ಗೇ, ಬೆಳಗಾವಿಯಲ್ಲಿ ಆಪ್ತ ಸಮಾಲೋಚಕನಾಗಿ ಕೆಲಸ ಮಾಡುತ್ತೇನೆ, ಎಂದು ಒಂದೇ ಸಾಲಿನಲ್ಲಿ ಉತ್ತರ ಬರೆದಿದ್ದೆ. ಆ ಸಾಲು ಓದಿ ಬಂದ ಪತ್ರಗಳೇ ಈ ಸಲ ಜಾಸ್ತಿ. ಕೆಲವನ್ನು ಇಲ್ಲಿ ಆರಿಸಿದ್ದೇನೆ. ಯಾರ ಹೆಸರೂ ಹಾಕಿಲ್ಲ. ಗುರುತು ಸಿಗುವಂಥ ವಿವರಗಳನ್ನೂ ತೆಗೆದಿದ್ದೇನೆ.

ಪ್ರಶ್ನೆ: ಸರ್, ನಾನು ವಿಜಯಪುರದವನು. ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಕೊನೇ ವರ್ಷ. ಮಾನಸಿಕ ಆರೋಗ್ಯದ ಕೆಲಸಕ್ಕೇ ಹೋಗಬೇಕು ಅನ್ನೋ ಆಸೆ ಮೊದಲಿನಿಂದ ಇದೆ. ಆದರೆ ನನಗೆ ಹುಡುಗರೇ ಇಷ್ಟ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ನನ್ನದೇ ಬದುಕು ಮುಚ್ಚಿಟ್ಟುಕೊಂಡು ಬೇರೆಯವರಿಗೆ ಬುದ್ಧಿ ಹೇಳೋಕೆ ನನಗೆ ಯೋಗ್ಯತೆ ಇದೆಯಾ? ಮೊದಲು ಎಲ್ಲರಿಗೂ ಹೇಳಿಬಿಟ್ಟು ಆಮೇಲೆ ಈ ಕೆಲಸಕ್ಕೆ ಬರಬೇಕಾ?

ಉತ್ತರ: ಬಾ ತಮ್ಮಾ, ಧಾರಾಳವಾಗಿ ಬಾ. ಹೇಳಿದ ಮೇಲೇ ಬರಬೇಕು ಅಂತ ಏನೂ ಇಲ್ಲ.

ನಾನು ಡಿಗ್ರಿ ಓದುವಾಗ ಒಂದು ದಿನ ಸೈಕಾಲಜಿ ಕ್ಲಾಸಿನಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ ‘ಲೈಂಗಿಕ ವಿಕೃತಿಗಳು’ ಅಂತ ಬರೆದು, ಕೆಳಗೆ ಒಂದೊಂದೇ ಹೆಸರು ಬರೆಸುತ್ತಾ ಹೋದರು. ಸಲಿಂಗಕಾಮ ಅನ್ನೋದು ಬಂದಾಗ ಹಿಂದಿನ ಬೆಂಚಿನವರು ನಕ್ಕರು, ಮೇಷ್ಟ್ರೂ ಸ್ವಲ್ಪ ನಕ್ಕರು. ನಾನು ತಲೆ ಎತ್ತದೆ ನೋಟ್ಸಿನಲ್ಲಿ ಬರೆದುಕೊಂಡೆ, ಪರೀಕ್ಷೆಗೆ ಬರುತ್ತೆ ಅಂದಿದ್ದರು. ಬಂತು ಕೂಡ. ಅವರು ಹೇಳಿದ್ದನ್ನೇ ಬರೆದೆ, ಪೂರ್ತಿ ಮಾರ್ಕ್ಸ್ ಕೊಟ್ಟರು. ನಾನು ರೋಗಿ ಅಂತ ನನ್ನ ಕೈಯಿಂದಲೇ ಬರೆದು ಪಾಸಾಗಬೇಕಾಯಿತು, ಯೋಚನೆ ಮಾಡು.

ಆ ಹೊತ್ತಿಗೆ ಜಗತ್ತು ಆ ಮಾತನ್ನು ಬಿಟ್ಟು ಎಷ್ಟೋ ವರ್ಷ ಆಗಿತ್ತು. ಅಮೆರಿಕದ ಮನೋವೈದ್ಯರ ಸಂಘ 1973ರಲ್ಲೇ ಸಲಿಂಗ ಆಕರ್ಷಣೆಯನ್ನು ತನ್ನ ಕಾಯಿಲೆಗಳ ಪಟ್ಟಿಯಿಂದ ತೆಗೆದುಹಾಕಿದೆ. ಅದರ ಹಿಂದಿನ ವರ್ಷ ಡಲ್ಲಾಸ್‌ನಲ್ಲಿ ನಡೆದ ಅದೇ ಸಂಘದ ಸಭೆಯಲ್ಲಿ ಒಬ್ಬ ಡಾಕ್ಟರು ರಬ್ಬರ್ ಮುಖವಾಡ ಹಾಕಿಕೊಂಡು, ಮೈಗಿಂತ ದೊಡ್ಡ ಕೋಟು ತೊಟ್ಟು, ದನಿ ಬದಲಿಸುವ ಮೈಕ್ ಹಿಡಿದು ಮಾತಾಡಲು ಕೂತರು. ‘ನಾನು ಸಲಿಂಗಿ, ನಾನು ಮನೋವೈದ್ಯ’ ಅಂತಲೇ ಶುರು ಮಾಡಿದರು. ಡಾ. ಎಚ್. ಅನಾನಿಮಸ್ ಅನ್ನೋ ಹೆಸರಿನಲ್ಲಿ ಅವರನ್ನು ಪರಿಚಯಿಸಿದ್ದರು. ಅವರು ಫಿಲಡೆಲ್ಫಿಯಾದ ಡಾ. ಜಾನ್ ಫ್ರೈಯರ್. ಗೇ ಅಂತ ಗೊತ್ತಾಗಿದ್ದಕ್ಕೆ ಅದಕ್ಕೂ ಮುಂಚೆ ತರಬೇತಿಯ ಜಾಗವನ್ನೇ ಬಿಡಬೇಕಾಗಿ ಬಂದಿತ್ತು. ಮುಖವಾಡದ ಹಿಂದೆ ಇದ್ದದ್ದು ತಾನೇ ಅಂತ ಅವರು ಬಹಿರಂಗವಾಗಿ ಹೇಳಿದ್ದು 1994ರಲ್ಲಿ, ಇಪ್ಪತ್ತೆರಡು ವರ್ಷ ಆದ ಮೇಲೆ. ಅಷ್ಟು ವರ್ಷ ಅವರು ರೋಗಿಗಳನ್ನು ನೋಡಿದರು, ಪಾಠ ಮಾಡಿದರು, ಸಾವಿನ ಹತ್ತಿರ ಇದ್ದವರ ಜೊತೆ ಕೂತು ಕೆಲಸ ಮಾಡಿದರು. ಹೇಳಿಕೊಂಡಿಲ್ಲ ಅಂತ ಅವರ ಯೋಗ್ಯತೆ ಕಮ್ಮಿ ಆಯ್ತು ಅಂತ ಯಾರಾದರೂ ಅನ್ನೋಕೆ ಆಗುತ್ತಾ?

ಕೆಲಸದ ವಿಷಯ ಹೇಳ್ತೀನಿ ಕೇಳು. ಎಂಎಸ್‌ಡಬ್ಲ್ಯೂ ಒಂದೇ ಇದ್ದರೆ ಎನ್‌ಜಿಒಗಳಲ್ಲಿ, ಶಾಲೆಗಳಲ್ಲಿ ಕೌನ್ಸೆಲರ್ ಕೆಲಸ ಸಿಗಬಹುದು. ಆದರೆ ಆಸ್ಪತ್ರೆಯಲ್ಲಿ ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್ ಆಗಬೇಕಾದರೆ ಅದರ ಮೇಲೆ ಎರಡು ವರ್ಷದ ವಿಶೇಷ ತರಬೇತಿ ಬೇಕು. ಬೆಂಗಳೂರಿನ ನಿಮ್ಹಾನ್ಸ್ ಇದೆ, ನಮ್ಮ ಕಡೆಯವರಿಗೆ ಹತ್ತಿರ ಅಂದರೆ ಧಾರವಾಡದ ಡಿಮ್ಹಾನ್ಸ್. ಇಷ್ಟು ದಿನ ಇದು ಎಂಫಿಲ್ ಆಗಿತ್ತು, ಈಗ ಎಂಫಿಲ್ ಪದವಿಯನ್ನೇ ನಿಲ್ಲಿಸುತ್ತಿರುವುದರಿಂದ ಕೋರ್ಸಿನ ರೂಪ ಬದಲಾಗುತ್ತಿದೆ. ಅರ್ಜಿ ಹಾಕುವ ಮುಂಚೆ ಆ ವರ್ಷದ ಪ್ರಕಟಣೆಯನ್ನು ಸರಿಯಾಗಿ ಓದು. ಮುಗಿಸಿದರೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ನಿನ್ನಂಥವರಿಗೆ ಹುದ್ದೆ ಇರುತ್ತೆ. ಮನೋವೈದ್ಯರು, ಸೈಕಾಲಜಿಸ್ಟ್, ಸೋಶಿಯಲ್ ವರ್ಕರ್, ನರ್ಸ್, ಎಲ್ಲರೂ ಸೇರಿದ ತಂಡ ಅದು. ವಿಜಯಪುರದಲ್ಲೇ ಇದ್ದು, ಇಂಡಿ, ಸಿಂದಗಿ ಕಡೆಯಿಂದ ಬರುವ ಜನರಿಗೆ ಅವರ ಮಾತಿನಲ್ಲೇ ಕೇಳಿ ಹೇಳುವವರು ಬೇಕಾಗಿದ್ದಾರೆ ನೋಡು.

ಇನ್ನೊಂದು ಮಾತು, ಇದನ್ನು ಯಾವ ಪುಸ್ತಕವೂ ಹೇಳಲ್ಲ. ನಮ್ಮ ಊರುಗಳು ಸಣ್ಣವು. ಡೇಟಿಂಗ್ ಆ್ಯಪ್ ತೆರೆದರೆ ಎರಡು ಕಿಲೋಮೀಟರ್ ದೂರದಲ್ಲಿ ಕಾಣೋ ಫೋಟೊ ಬೆಳಗ್ಗೆ ನಿನ್ನ ಎದುರು ಕುರ್ಚಿಯಲ್ಲಿ ಕೂತು ಅತ್ತವನದ್ದೇ ಇರಬಹುದು. ನನಗೆ ಹೀಗಾಗಿದೆ. ನಾನು ಪಾಲಿಸುವ ಕ್ರಮ ಇಷ್ಟು: ಅಲ್ಲಿ ಏನೂ ಉತ್ತರ ಕೊಡದೆ ಆ ಪ್ರೊಫೈಲ್ ಬ್ಲಾಕ್ ಮಾಡುವುದು, ಮುಂದಿನ ಸಲ ಅವರು ಬಂದಾಗ ನಾನೇ ವಿಷಯ ತೆಗೆಯುವುದು, ಅವರಿಗೆ ಮುಜುಗರ ಆದರೆ ಬೇರೆ ಸಮಾಲೋಚಕರ ಹತ್ತಿರ ಕಳಿಸುವುದು. ಹಾಗೇ, ನೀನು ಗೇ ಅಂತ ಎದುರು ಕೂತವರಿಗೆ ಹೇಳಬೇಕಾ ಅನ್ನೋ ಪ್ರಶ್ನೆ ಬಂದೇ ಬರುತ್ತೆ. ಅವರಿಗೆ ಉಪಯೋಗ ಆಗುತ್ತೆ ಅನ್ನಿಸಿದರೆ ಹೇಳು. ನಿನ್ನ ಮನಸ್ಸು ಹಗುರ ಮಾಡಿಕೊಳ್ಳೋಕೆ ಹೇಳಬೇಡ. ಅದಕ್ಕೆ ನಿನಗೇ ಒಬ್ಬ ಸಮಾಲೋಚಕರು ಬೇಕು. ಈ ಕೆಲಸಕ್ಕೆ ಬರುವ ಎಲ್ಲರಿಗೂ ಬೇಕು, ಗೇ ಇರಲಿ ಬಿಡಲಿ.

ಮನೆಯವರಿಗೆ ಹೇಳೋದು. ನೀನು ಈಗ ಫೀಸಿಗೂ ಊಟಕ್ಕೂ ಅಪ್ಪನ ಮೇಲೆ ನಿಂತಿದ್ದೀಯ. ಹಾಗಿರುವಾಗ ಹೇಳಲೇಬೇಕು ಅಂತ ನಾನು ಯಾವತ್ತೂ ಹೇಳಲ್ಲ. ಓದು ನಿಲ್ಲಿಸಿ ಮನೆಯಲ್ಲಿ ಕೂಡಿಸಿದವರನ್ನು, ಫೋನ್ ಕಿತ್ತುಕೊಂಡು ಗಡಿಬಿಡಿಯಲ್ಲಿ ಮದುವೆ ಮಾಡಿದವರನ್ನು ನೋಡಿದ್ದೇನೆ. ಮೊದಲು ಕೆಲಸ ಹಿಡಿ, ನಿನ್ನ ಹೆಸರಿನಲ್ಲಿ ಬ್ಯಾಂಕ್ ಖಾತೆಯಲ್ಲಿ ನಾಲ್ಕು ದುಡ್ಡು ಇರಲಿ, ಜಗಳ ಆದ ರಾತ್ರಿ ಹೋಗಿ ಮಲಗಲು ಒಬ್ಬ ಗೆಳೆಯನ ಮನೆ ಇರಲಿ. ಆಮೇಲೆ ಮನೆಯಲ್ಲಿ ಯಾರ ಮನಸ್ಸು ಮೆತ್ತಗಿದೆಯೋ ಅವರಿಂದ ಶುರು ಮಾಡು.

ನಾನು ಮೊದಲು ಹೇಳಿದ್ದು ಅಕ್ಕನಿಗೆ. ಅವಳು ಕೇಳಿದ್ದು ಒಂದೇ, ‘ಹಂಗಾರ ಮುಂದ ನೀ ಒಬ್ಬನ ಇರ್ತೀಯೇನೋ?’ ಅಪ್ಪನಿಗೆ ಹೇಳಿದ್ದು ಅದಾಗಿ ಬಹಳ ದಿನಕ್ಕೆ. ನಮ್ಮದು ಹಳೇ ಬಾಗಲಕೋಟೆಯ ಮನೆ. ಆಲಮಟ್ಟಿ ಹಿನ್ನೀರಿಗೆ ಅದು ಹೋದ ಮೇಲೆ ನವನಗರದಲ್ಲಿ ಸೈಟ್ ಸಿಕ್ಕಿ, ಅಪ್ಪ ನಿಂತು ಕಟ್ಟಿಸಿದ ಮನೆಯಲ್ಲಿ ಈಗಿದ್ದಾರೆ. ನಾನು ಹೇಳಿದ್ದನ್ನೆಲ್ಲ ಕೇಳಿ, ಎದ್ದು ಹೋಗಿ ಕಪಾಟಿನಿಂದ ಆ ಸೈಟಿನ ಹಕ್ಕುಪತ್ರದ ಫೈಲ್ ತಂದು ಟೀಪಾಯಿ ಮೇಲೆ ಇಟ್ಟರು. ‘ಒಂದು ಮನಿ ನೀರಾಗ ಹೋತು. ಇದು ನಿನ್ನ ಹಿಂದ ಯಾರಿಗಿ?’ ಅಂದರು. ಸಿಟ್ಟಿನ ಮಾತನ್ನು ಎದುರಿಸಲು ನಾನು ತಯಾರಾಗಿ ಹೋಗಿದ್ದೆ, ಈ ಪ್ರಶ್ನೆಗೆ ಆಗಿರಲಿಲ್ಲ. ಅಕ್ಕನ ಮಕ್ಕಳಿದ್ದಾರಲ್ಲ ಅಪ್ಪಾ, ಅಂದೆ. ಅವರು ಆ ಫೈಲ್ ತಿರುವಿ ಹಾಕುತ್ತಾ ಸುಮ್ಮನೆ ಕೂತರು. ಮನೆಯವರ ಹೆದರಿಕೆ ಒಳಗಡೆ ಬೇರೆ ಏನೋ ಇರುತ್ತೆ ತಮ್ಮಾ: ಮುದಿತನ, ಆಸ್ತಿ, ಬೀಗರ ಮಾತು, ತಂಗಿಯ ಮದುವೆ. ಅದನ್ನು ಹುಡುಕಿ ಅದಕ್ಕೇ ಉತ್ತರ ಕೊಡು. ಹಾಂ, ನಮ್ಮಪ್ಪ ಪೂರ್ತಿ ಒಪ್ಪಿದ್ದಾರೆ ಅಂತ ನಾನು ಈಗಲೂ ಹೇಳಲ್ಲ. ಸಂಕ್ರಾಂತಿಗೆ, ನಾಗರ ಪಂಚಮಿಗೆ ಊರಿಗೆ ಬಾ ಅಂತ ಅವರೇ ಫೋನ್ ಮಾಡ್ತಾರೆ, ನನಗೆ ಅಷ್ಟು ಸಾಕಾಗಿದೆ.

ಪ್ರಶ್ನೆ: ನಾನು ಜಮಖಂಡಿ ಕಡೆಯವಳು. ನನ್ನ ಮಗನಿಗೆ 24 ವರ್ಷ. ಹೋದ ತಿಂಗಳು ನನ್ನ ಮುಂದೆ ಕೂತು ‘ಅವ್ವಾ ನನಗ ಹುಡುಗ್ಯಾರ ಮ್ಯಾಲೆ ಮನಸ್ಸಿಲ್ಲ’ ಅಂತ ಹೇಳಿ ಅತ್ತ. ಅವರಪ್ಪನಿಗೆ ಹೇಳಿಲ್ಲ. ನಮ್ಮ ಅಣ್ಣನ ಕಿವಿಗೆ ಹಾಕಿದೆ, ಮಿರಜಿಗೆ ಕರಕೊಂಡು ಹೋಗಿ ದೊಡ್ಡ ಡಾಕ್ಟರಿಗೆ ತೋರಿಸೋಣ, ಇಂಜೆಕ್ಷನ್ ಇದೆಯಂತೆ ಅಂದ. ನಿಜವಾಗಿ ಔಷಧ ಇದೆಯಾ?

ಉತ್ತರ: ಇಲ್ಲ ಅಕ್ಕಾ. ಮಿರಜಿನಲ್ಲಿಲ್ಲ, ಮುಂಬೈಯಲ್ಲಿಲ್ಲ, ಎಲ್ಲೂ ಇಲ್ಲ. ಕಾಯಿಲೆಯೇ ಅಲ್ಲದ್ದಕ್ಕೆ ಔಷಧ ಎಲ್ಲಿಂದ ಬರಬೇಕು?

ವಿಶ್ವ ಆರೋಗ್ಯ ಸಂಸ್ಥೆ 1990ರ ಮೇ 17ರಂದು ಇದನ್ನು ರೋಗಗಳ ಪಟ್ಟಿಯಿಂದ ತೆಗೆಯಿತು. ನಮ್ಮ ದೇಶದ ಮನೋವೈದ್ಯರ ಸಂಘ 2018ರಲ್ಲಿ ಇದು ಮಾನಸಿಕ ಕಾಯಿಲೆ ಅಲ್ಲ ಅಂತ ಸ್ಪಷ್ಟವಾಗಿ ಹೇಳಿತು. ‘ಸರಿ ಮಾಡ್ತೀವಿ’ ಅಂತ ಚಿಕಿತ್ಸೆ ಕೊಡುವುದು ವೃತ್ತಿ ದುರ್ನಡತೆ ಅಂತ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೇಳಿದೆ. ಮದ್ರಾಸ್ ಹೈಕೋರ್ಟಿನಲ್ಲಿ ನಡೆದ ಒಂದು ಕೇಸಿನಿಂದ ಬಂದದ್ದು ಅದು. ಮನೆಯವರಿಗೆ ಹೆದರಿ ಓಡಿ ಬಂದ ಇಬ್ಬರು ಹುಡುಗಿಯರು ರಕ್ಷಣೆ ಕೇಳಿದ್ದರು. ವಿಚಾರಣೆ ನಡೆಸಿದ ನ್ಯಾಯಮೂರ್ತಿ ಆನಂದ್ ವೆಂಕಟೇಶ್ ಈ ವಿಷಯ ತನಗೂ ಸರಿಯಾಗಿ ಅರ್ಥ ಆಗಬೇಕು ಅಂತ ತಾವೇ ಒಬ್ಬ ಸೈಕಾಲಜಿಸ್ಟ್ ಜೊತೆ ಕೂತು ಕಲಿತು, ಆಮೇಲೆ ಆದೇಶ ಬರೆದರು. ಒಬ್ಬ ಜಡ್ಜ್ ಹಾಗೆ ಕೂತು ಕಲಿತದ್ದು ನನಗೆ ಬಹಳ ದೊಡ್ಡದಾಗಿ ಕಂಡಿದೆ. ಹಾಗಾಗಿ ಅಕ್ಕಾ, ಯಾವ ಡಾಕ್ಟರಾದರೂ ಇಂಜೆಕ್ಷನ್, ಕರೆಂಟು, ಹಾರ್ಮೋನ್ ಅಂತ ಮಾತು ತೆಗೆದರೆ ಅಲ್ಲಿಂದ ಎದ್ದು ಬನ್ನಿ. ದೇವರಿಗೆ ಹರಕೆ ಹೊತ್ತುಕೊಳ್ಳಬೇಕು ಅನ್ನಿಸಿದರೆ ಅವನ ಆರೋಗ್ಯಕ್ಕೆ, ಅವನ ಕೆಲಸಕ್ಕೆ ಹೊತ್ತುಕೊಳ್ಳಿ.

ಆದರೆ ಅವನು ಊಟ ಬಿಟ್ಟಿದ್ದರೆ, ರಾತ್ರಿಯೆಲ್ಲ ಎಚ್ಚರ ಇದ್ದರೆ, ‘ನಾನು ಇರಬಾರದು’ ಅನ್ನೋ ಥರ ಮಾತಾಡಿದರೆ ಅದಕ್ಕೆ ಡಾಕ್ಟರು ಬೇಕೇ ಬೇಕು, ತಡ ಮಾಡಬೇಡಿ. ಅದು ಖಿನ್ನತೆ ಇರಬಹುದು, ಅದಕ್ಕೆ ಔಷಧವೂ ಇದೆ, ಗುಣವೂ ಆಗುತ್ತೆ. ವರ್ಷಗಟ್ಟಲೆ ಬಚ್ಚಿಟ್ಟುಕೊಂಡು, ಯಾರು ಏನಂತಾರೋ ಅಂತ ಹೆದರಿ ಬದುಕಿದರೆ ಯಾರ ಮನಸ್ಸಾದರೂ ಹಾಗೆ ಕುಸಿಯುತ್ತೆ. ಕನ್ನಡದಲ್ಲೇ ಮಾತಾಡಲು 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ, ದುಡ್ಡಿಲ್ಲ, ಹಗಲು ರಾತ್ರಿ ಯಾವಾಗಲೂ ಇರುತ್ತೆ. ಅದು ನಿಮಗೂ ಅಕ್ಕಾ, ಬರೀ ಮಗನಿಗಲ್ಲ. ನೀವೂ ಒಬ್ಬರೇ ಇದನ್ನು ಹೊತ್ತುಕೊಂಡು ತಿರುಗುತ್ತಿದ್ದೀರಿ, ಪತ್ರದಲ್ಲೇ ಗೊತ್ತಾಗುತ್ತೆ. ಇಂಥ ಮಕ್ಕಳ ಅಪ್ಪ ಅಮ್ಮಂದಿರದ್ದೇ ಸ್ವೀಕಾರ್ ಅಂತ ಒಂದು ಗುಂಪಿದೆ. 2023ರಲ್ಲಿ ಸಲಿಂಗ ಮದುವೆಯ ಕೇಸು ಸುಪ್ರೀಂ ಕೋರ್ಟಿನಲ್ಲಿದ್ದಾಗ 400ಕ್ಕೂ ಹೆಚ್ಚು ಪಾಲಕರು ಅದರ ಮೂಲಕ ಮುಖ್ಯ ನ್ಯಾಯಮೂರ್ತಿಗಳಿಗೆ ಪತ್ರ ಬರೆದಿದ್ದರು. ನಿಮ್ಮಂಥ ತಾಯಂದಿರು ಬಹಳ ಜನ ಇದ್ದಾರೆ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳ್ತೀನಿ. ಅಣ್ಣನ ಕಿವಿಗೆ ಹಾಕಿದ್ದೀರಿ, ಅದು ಅಲ್ಲಿಗೇ ನಿಲ್ಲಲಿ. ಮುಂದೆ ಯಾರಿಗೆ ಹೇಳಬೇಕು, ಅವರಪ್ಪನಿಗೆ ಯಾವಾಗ ಹೇಳಬೇಕು ಅನ್ನೋದು ಮಗನ ತೀರ್ಮಾನ. ಅವನು ನಂಬಿ ಹೇಳಿದ್ದು ನಿಮಗೆ.

ಪ್ರಶ್ನೆ: ಗೋಕಾಕ ತಾಲೂಕು, 29 ವರ್ಷ, ಸರ್ಕಾರಿ ನೌಕರಿ. ನಾನು ಗೇ. ಮನೆಯವರು ಕನ್ಯಾ ನೋಡಿ ಬಂದಿದ್ದಾರೆ, ಮುಂದಿನ ತಿಂಗಳು ನಿಶ್ಚಯ ಇಟ್ಟುಕೊಳ್ಳೋಣ ಅಂತಿದ್ದಾರೆ. ಮದುವೆ ಆದ ಮೇಲೆ ಸರಿ ಹೋಗಬಹುದಾ? ಹುಡುಗಿ ಒಳ್ಳೆಯವಳು.

ಉತ್ತರ: ಸರಿ ಹೋಗಲ್ಲ. ಹುಡುಗಿ ಒಳ್ಳೆಯವಳು ಅಂತ ನೀವೇ ಬರೆದಿದ್ದೀರಿ. ಹಾಗಾದರೆ ಅವಳು ಏನು ತಪ್ಪು ಮಾಡಿದ್ದಾಳೆ?

ಇಂಥ ಗಂಡಂದಿರ ಹೆಂಡತಿಯರು ನನ್ನ ಹತ್ತಿರ ಬರುತ್ತಾರೆ. ಬಂದವರು ಕೇಳೋದು ಗಂಡನ ವಿಷಯ ಅಲ್ಲ, ‘ನನ್ನಲ್ಲೇ ಏನೋ ಕಮ್ಮಿ ಇದೆಯಾ ಸರ್’ ಅಂತ. ತಾನು ಕಪ್ಪಗಿದ್ದೇನೆ ಅದಕ್ಕೆ, ದಪ್ಪಗಿದ್ದೇನೆ ಅದಕ್ಕೆ ಅಂತ ತನ್ನನ್ನೇ ಬೈದುಕೊಂಡು, ಮಗು ಯಾಕಾಗಿಲ್ಲ ಅಂತ ಅತ್ತೆಯ ಮಾತನ್ನೂ ಕೇಳಿಸಿಕೊಂಡು, ಆರೇಳು ವರ್ಷ ಕಳೆದು, ತವರಿಗೆ ಹೋದರೆ ಅಲ್ಲೂ ತಪ್ಪು ಅವಳದ್ದೇ. ಗೊತ್ತಿದ್ದೂ ಗೊತ್ತಿದ್ದೂ ಒಬ್ಬಳನ್ನು ಆ ಜಾಗದಲ್ಲಿ ಕೂಡಿಸಬೇಡಿ.

ನಿಶ್ಚಯ ಇನ್ನೂ ಆಗಿಲ್ಲ, ಈಗಲೇ ನಿಲ್ಲಿಸಿ. ಗೇ ಅಂತ ಮನೆಯವರಿಗೆ ಹೇಳುವ ಧೈರ್ಯ ಇವತ್ತು ಇಲ್ಲದಿದ್ದರೆ ಹೇಳಬೇಡಿ. ‘ನನಗೆ ಮದುವೆ ಬೇಡ’ ಅನ್ನೋದಷ್ಟನ್ನೇ ಹೇಳಿ, ಎಷ್ಟು ಸಲ ಕೇಳಿದರೂ ಅದನ್ನೇ ಹೇಳಿ. ನೌಕರಿ ಇದೆ, ನಿಮ್ಮ ಕಾಲ ಮೇಲೆ ನಿಂತಿದ್ದೀರಿ, ಅಷ್ಟು ಮಾತಾಡುವ ಶಕ್ತಿ ನಿಮಗಿದೆ. ಬೀಗರ ಮುಂದೆ ಮನೆಯವರಿಗೆ ಅವಮಾನ ಆಗುತ್ತೆ, ನಿಜ. ಒಂದೆರಡು ಜಾತ್ರೆ ಹೋಗುವಷ್ಟರಲ್ಲಿ ಜನ ಮರೆಯುತ್ತಾರೆ.

ಪ್ರಶ್ನೆ: ಸವದತ್ತಿ ಗುಡ್ಡದಲ್ಲಿ ಜೋಗಪ್ಪಗಳನ್ನು ನೋಡ್ತೀವಿ. ಗೇ ಅಂದರೆ ಅದೇ ಅಲ್ವಾ?

ಉತ್ತರ: ಅಲ್ಲ. ನಾನು ಗಂಡಸು, ಗಂಡಸಾಗಿಯೇ ಇದ್ದೇನೆ, ನನ್ನ ಪ್ರೀತಿ ಇನ್ನೊಬ್ಬ ಗಂಡಸಿನ ಮೇಲೆ. ಜೋಗಪ್ಪ ಆಗುವುದು ಎಲ್ಲಮ್ಮನಿಗೆ ಮುತ್ತು ಕಟ್ಟಿಸಿಕೊಂಡು, ಸೀರೆ ಉಟ್ಟು, ಹೆಣ್ಣಾಗಿ ಬದುಕುವ ದಾರಿ. ತಾನು ಯಾರು ಅನ್ನೋದು ಒಂದು, ಯಾರ ಮೇಲೆ ಮನಸ್ಸು ಅನ್ನೋದು ಇನ್ನೊಂದು. ಆದರೆ ನಮ್ಮ ಸೀಮೆಯಲ್ಲಿ ಇವರನ್ನು ಗುಡ್ಡದಲ್ಲಿ ಕೈ ಮುಗಿದು ಊರೊಳಗೆ ಬಾಡಿಗೆಗೆ ಮನೆ ಕೊಡದವರೇ ಜಾಸ್ತಿ. 2014ರಲ್ಲಿ ಸುಪ್ರೀಂ ಕೋರ್ಟ್ ತೃತೀಯ ಲಿಂಗಿಗಳ ಹಕ್ಕನ್ನು ಎತ್ತಿ ಹಿಡಿಯಿತು, 2021ರಲ್ಲಿ ಇದೇ ಪರಂಪರೆಯ ಕಲಾವಿದೆ ಮಂಜಮ್ಮ ಜೋಗತಿ ಅವರಿಗೆ ಪದ್ಮಶ್ರೀ ಬಂತು. ಮುಂದಿನ ಸಲ ಗುಡ್ಡಕ್ಕೆ ಹೋದಾಗ ಅವರಲ್ಲಿ ಒಬ್ಬರ ಜೊತೆ ಕೂತು ಮಾತಾಡಿ ಬನ್ನಿ.

ಪ್ರಶ್ನೆ: ಬೆಳಗಾವಿಯವನು. ಆ್ಯಪಿನಲ್ಲಿ ಪರಿಚಯ ಆದವನ ರೂಮಿಗೆ ಹೋಗಿದ್ದೆ. ಅಲ್ಲಿ ಇನ್ನಿಬ್ಬರು ಬಂದು ವಿಡಿಯೊ ಮಾಡಿ 20 ಸಾವಿರ ಹಾಕಿಸಿಕೊಂಡರು. ಈಗ ಮತ್ತೆ ಕೇಳುತ್ತಿದ್ದಾರೆ, ಇಲ್ಲಾಂದ್ರೆ ಪೊಲೀಸರಿಗೆ ಕೊಡ್ತೀವಿ ಅಂತಾರೆ.

ಉತ್ತರ: ಇನ್ನೊಂದು ರೂಪಾಯಿ ಕೊಡಬೇಡಿ. ಕೊಟ್ಟಷ್ಟೂ ಕೇಳುತ್ತಾರೆ.

ಪೊಲೀಸರ ಹೆದರಿಕೆ ಇರಬೇಕಾದ್ದು ಅವರಿಗೆ. ವಯಸ್ಕರಿಬ್ಬರು ಒಪ್ಪಿ ಮಾಡಿದ್ದು ಅಪರಾಧ ಅಲ್ಲ ಅಂತ 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಹೇಳಿಯಾಗಿದೆ. 2024ರ ಜುಲೈನಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಇದನ್ನು ಅಪರಾಧ ಅನ್ನುತ್ತಿದ್ದ ಹಳೇ 377ನೇ ಕಲಮೇ ಇಲ್ಲ. ಬೆದರಿಸಿ ದುಡ್ಡು ಕೀಳುವುದು ಮಾತ್ರ ಅದೇ ಸಂಹಿತೆಯ 308ನೇ ಕಲಮಿನ ಕೆಳಗೆ ಅಪರಾಧ. ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಆಮೇಲೆ ಸೈಬರ್ ಅಪರಾಧ ನೋಡುವ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ. ಅವರ ಮೆಸೇಜು, ನಂಬರು, ಪ್ರೊಫೈಲ್, ದುಡ್ಡು ಹಾಕಿದ ಯುಪಿಐ ವಿವರ, ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಹೆದರಿ ಆ್ಯಪ್ ಡಿಲೀಟ್ ಮಾಡಬೇಡಿ, ಸಾಕ್ಷಿ ಹೋಗುತ್ತೆ. ಒಬ್ಬರೇ ಹೋಗಬೇಡಿ, ವಕೀಲರನ್ನೋ ನಂಬಿಕೆಯ ಗೆಳೆಯನನ್ನೋ ಕರೆದುಕೊಂಡು ಹೋಗಿ. ರಾತ್ರಿ ನಿದ್ದೆ ಬರದೆ ಏನೇನೋ ಯೋಚನೆ ಬಂದರೆ 14416 ಇದೆ. ನಾನೂ ಇದೇ ಊರಿನಲ್ಲಿದ್ದೇನೆ, ಪತ್ರಿಕೆಯ ಮೂಲಕ ನನ್ನನ್ನು ಸಂಪರ್ಕಿಸಿ.

ಪ್ರಶ್ನೆ: ನಾವಿಬ್ಬರೂ ಗಂಡಸರು, ವಿಜಯಪುರದಲ್ಲಿ ಐದು ವರ್ಷದಿಂದ ಒಟ್ಟಿಗೆ ಇದ್ದೇವೆ. ಮನೆ ಮಾಲೀಕರಿಗೆ ರೂಮ್‌ಮೇಟ್ಸ್ ಅಂತ ಹೇಳಿದ್ದೇವೆ. ಒಬ್ಬರಿಗೆ ಏನಾದರೂ ಆದರೆ ಇನ್ನೊಬ್ಬರಿಗೆ ಕಾನೂನಿನಲ್ಲಿ ಏನಾದರೂ ಹಕ್ಕಿದೆಯಾ?

ಉತ್ತರ: ಮದುವೆಯ ಹಕ್ಕು ಇಲ್ಲ. 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸಂಸತ್ತಿಗೆ ಬಿಟ್ಟಿತು. ಅದನ್ನು ಓದಿದ ದಿನ ನನಗೆ ಕೆಲಸಕ್ಕೆ ಹೋಗುವ ಮನಸ್ಸೇ ಆಗಲಿಲ್ಲ. ಆದರೆ ಕೈಯಲ್ಲಿ ಏನೂ ಇಲ್ಲ ಅಂತಲೂ ಅಲ್ಲ. ಇಬ್ಬರ ಹೆಸರಿನಲ್ಲಿ ಜಂಟಿ ಖಾತೆ ತೆರೆಯಲು, ಒಬ್ಬರನ್ನೊಬ್ಬರು ನಾಮಿನಿ ಮಾಡಲು ಅಡ್ಡಿ ಇಲ್ಲ ಅಂತ ಹಣಕಾಸು ಸಚಿವಾಲಯ 2024ರ ಆಗಸ್ಟಿನಲ್ಲಿ ಸ್ಪಷ್ಟ ಮಾಡಿದೆ. ರೇಷನ್ ಕಾರ್ಡಿಗೆ ಇಂಥ ಸಂಗಾತಿಗಳನ್ನು ಒಂದೇ ಮನೆಯವರು ಅಂತ ನೋಡಬೇಕು ಅಂತ ರಾಜ್ಯಗಳಿಗೆ ಕೇಂದ್ರದಿಂದ ಪತ್ರ ಹೋಗಿದೆ. ಬ್ಯಾಂಕಿನ ಕೌಂಟರಿನಲ್ಲಿ ಇದು ಗೊತ್ತಿಲ್ಲದವರು ಸಿಗಬಹುದು, ಮ್ಯಾನೇಜರ್ ಹತ್ತಿರ ಹೋಗಿ ಕೂತು ಕೇಳಿ.

ಎಲ್ಲಕ್ಕಿಂತ ಮೊದಲು ಇಬ್ಬರೂ ವಿಲ್ ಬರೆದು, ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ ಮಾಡಿಸಿ. ಕಡ್ಡಾಯ ಅಲ್ಲ, ಆದರೆ ನಾಳೆ ಅಣ್ಣ ತಮ್ಮಂದಿರು ತಕರಾರು ತೆಗೆದರೆ ನೋಂದಣಿ ಆದ ಕಾಗದಕ್ಕೆ ಬಲ ಜಾಸ್ತಿ. ಬಾಡಿಗೆ ಕರಾರಿನಲ್ಲಿ ಇಬ್ಬರ ಹೆಸರೂ ಇರಲಿ. ಆರೋಗ್ಯ ಹದಗೆಟ್ಟಾಗ ಯಾರನ್ನು ಕೇಳಬೇಕು ಅಂತ ಬರೆದಿಟ್ಟ ಕಾಗದ ಇಬ್ಬರ ಹತ್ತಿರವೂ ಇರಲಿ. ಇಬ್ಬರ ಮನೆಯಲ್ಲೂ ಒಬ್ಬೊಬ್ಬರಿಗಾದರೂ, ಅಕ್ಕನೋ ಅತ್ತಿಗೆಯೋ, ನಿಮ್ಮ ವಿಷಯ ಗೊತ್ತಿದ್ದರೆ ಆಸ್ಪತ್ರೆಯ ಬಾಗಿಲಲ್ಲಿ ನಿಮ್ಮ ಪರವಾಗಿ ಮಾತಾಡಲು ಒಬ್ಬರು ಇರುತ್ತಾರೆ. ಮಾಲೀಕರಿಗೆ ರೂಮ್‌ಮೇಟ್ಸ್ ಅಂತಲೇ ಗೊತ್ತಿರಲಿ ಬಿಡಿ. ಬಾಡಿಗೆ ಸರಿಯಾಗಿ ಕೊಡುತ್ತಿದ್ದೀರಲ್ಲ, ಅದಕ್ಕಿಂತ ಜಾಸ್ತಿ ಅವರಿಗೆ ಹೇಳಬೇಕಾಗಿಲ್ಲ.